ಕ್ಷೀರಸ್ನೇಹ ವಿಚಾರ: ಹಾಲಿನ ಕೊಬ್ಬಿನ ಗುಣಕ್ಕೆ ಕಾರಣವು ತಳಿಯೋ ಮೇವೋ ಎಂಬುದರ ವಿಮರ್ಶೆ

ಹಾಲಿನ ಗುಣಾಗುಣಗಳ ವಿಚಾರವು ಈ ದೇಶದ ಶಾಸ್ತ್ರಗ್ರಂಥಗಳಿಗೆ ಹೊಸದಲ್ಲ. ಚರಕಸಂಹಿತೆಯ ಸೂತ್ರಸ್ಥಾನದ ೨೭ನೆಯ ಅಧ್ಯಾಯವು ಗೋಕ್ಷೀರಕ್ಕೆ ಹತ್ತು ಗುಣಗಳನ್ನು ಎಣಿಸಿ ಹೇಳುತ್ತದೆ. ಸುಶ್ರುತಸಂಹಿತೆಯ ಸೂತ್ರಸ್ಥಾನದ ೪೫ನೆಯ ಅಧ್ಯಾಯವು ಎಂಟು ಬಗೆಯ ಹಾಲುಗಳನ್ನು ಒಂದೊಂದಾಗಿ ಪರೀಕ್ಷಿಸುತ್ತದೆ. ಹದಿನಾರನೆಯ ಶತಮಾನದ ಭಾವಮಿಶ್ರನು ತನ್ನ ಭಾವಪ್ರಕಾಶದಲ್ಲಿ ಒಂದು ವರ್ಗವನ್ನೇ ಹಾಲಿಗಾಗಿ ಮೀಸಲಿಟ್ಟಿದ್ದಾನೆ. ಇತ್ತೀಚಿನ ಕನ್ನಡ ಆರೋಗ್ಯಲೇಖನಗಳಲ್ಲಿ ಈ ಹಳೆಯ ವಿಚಾರವು ಹೊಸ ವೇಷವನ್ನು ಧರಿಸಿ ಕಾಣಿಸಿಕೊಂಡಿದೆ. ಹಾಲಿನ ಕೊಬ್ಬಿನಲ್ಲಿ ‘ಕಾಂಜುಗೇಟೆಡ್ ಲಿನೋಲಿಯಿಕ್ ಆಮ್ಲ’ವೆಂಬ ಹಿತಕರವಾದ ಮೇದಾಮ್ಲವೊಂದು ಇರುವುದೆಂದೂ, ಅದು ದೇಶೀಯ ತಳಿಯ ಆಕಳ ಹಾಲಿನ ವಿಶೇಷವೆಂದೂ, ಪ್ರಾಚೀನರು ಗೋಘೃತವನ್ನು ಹೊಗಳಿದುದಕ್ಕೆ ಇದೇ ಕಾರಣವೆಂದೂ ಆ ಲೇಖನಗಳು ಸಾರುತ್ತವೆ. ಈ ಮೂರು ಮಾತುಗಳು ಒಂದೇ ಉಸಿರಿನಲ್ಲಿ ಹೇಳಲ್ಪಡುತ್ತಿದ್ದರೂ ಅವು ಬೇರೆ ಬೇರೆ ಪ್ರತಿಜ್ಞೆಗಳು. ಒಂದನ್ನು ಸಾಧಿಸಿದ ಮಾತ್ರಕ್ಕೆ ಮತ್ತೊಂದು ಸಾಧಿತವಾಗುವುದಿಲ್ಲ. ಆದಕಾರಣ ಮೂರನ್ನೂ ಪ್ರತ್ಯೇಕವಾಗಿ ಒರೆಗೆ ಹಚ್ಚುವುದು ಪ್ರಸ್ತುತ ವಿಮರ್ಶೆಯ ಉದ್ದೇಶ.

ಈ ವಿಚಾರಕ್ಕೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳ ಸೀಮೆಯು ತಕ್ಕ ನಿದರ್ಶನಭೂಮಿಯಾಗಿದೆ. ಹತ್ತಿರ ಹತ್ತಿರದ ಈ ನಾಲ್ಕು ಕಡೆಗಳಲ್ಲಿ ದನಗಳ ಮೇವು ನಾಲ್ಕು ಬಗೆಯಾಗಿರುವುದೇ ಇದಕ್ಕೆ ಕಾರಣ. ಗದಗ-ಬೆಟಗೇರಿಯ ಅವಳಿ ಪಟ್ಟಣದಲ್ಲಿ ಕೊಟ್ಟಿಗೆಯಲ್ಲಿಯೇ ಕಟ್ಟಿ ಹಿಂಡಿ, ಹೊಟ್ಟು, ಚೀಲದ ಪಶು ಆಹಾರಗಳಿಂದ ಸಾಕಿದ ಆಕಳು ಎಮ್ಮೆಗಳುಂಟು. ಸುತ್ತಲಿನ ಎರೆಭೂಮಿಯಲ್ಲಿ ಹತ್ತಿ, ಬಿಳಿಜೋಳ, ಕಡಲೆ, ಕುಸುಬಿಗಳು ಬೆಳೆಯುತ್ತವೆ; ಅಲ್ಲಿ ಜೋಳದ ಕಣಿಕಿಯೂ ಹತ್ತಿಕಾಳೂ ದನದ ಮುಖ್ಯಾಹಾರ. ಪ್ರಾಚೀನರ ಪುಲಿಗೆರೆಯಾದ ಲಕ್ಷ್ಮೇಶ್ವರ ಮತ್ತು ಶಿರಹಟ್ಟಿಗಳ ಕಡೆಯಲ್ಲಿ ಎರೆಯೊಡನೆ ಮಸಾರಿಯೂ ಕೂಡಿದ್ದು, ಶೇಂಗಾ, ಹೆಸರುಗಳ ಹೊಟ್ಟು ದೊರೆಯುತ್ತದೆ. ಮುಂಡರಗಿಯ ತಾಲೂಕು ಒಂದು ಕಡೆ ಕಪ್ಪತಗುಡ್ಡವನ್ನೂ ಮತ್ತೊಂದು ಕಡೆ ತುಂಗಭದ್ರೆಯನ್ನೂ ಮೇರೆಯಾಗಿ ಉಳ್ಳದ್ದು. ಗುಡ್ಡದ ಅಡಿಯಲ್ಲಿ ಮಳೆಗಾಲದ ಹುಲ್ಲು, ಹೊಳೆಯ ದಂಡೆಯಲ್ಲಿ ನೀರಾವರಿಯ ಹಸಿರು ಮೇವು. ಈ ಸೀಮೆಯ ಪಶುಗಳಾದರೂ ಒಂದೇ ಜಾತಿಯವಲ್ಲ. ಬೇಸಾಯಕ್ಕೆ ಖಿಲಾರಿ ಮೊದಲಾದ ನಾಡತಳಿಗಳು, ಹೈನಿಗೆ ಹೋಲ್‌ಸ್ಟೀನ್ ಜರ್ಸಿಗಳ ಮಿಶ್ರತಳಿಯ ಆಕಳುಗಳು, ಇವುಗಳ ಜೊತೆಗೆ ‘ಧಾರವಾಡಿ’ ಎಂದು ೨೦೨೧ರಲ್ಲಿ ಕರ್ನಾಲದ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆಯು ಪ್ರತ್ಯೇಕ ತಳಿಯಾಗಿ ಅಂಗೀಕರಿಸಿದ ಎಮ್ಮೆ. ತಳಿಯ ಭೇದವೂ ಮೇವಿನ ಭೇದವೂ ಹೀಗೆ ಹೆಣೆದುಕೊಂಡಿರುವಲ್ಲಿ ಯಾವುದು ಯಾವುದರ ಕಾರಣವೆಂದು ಬಿಡಿಸಿ ನೋಡುವುದು ಅವಶ್ಯ.

ಮೊದಲು ಪೂರ್ವಪಕ್ಷವನ್ನು ನ್ಯಾಯವಾಗಿ ಮುಂದಿಡಬೇಕು. ತಳಿಪಕ್ಷದವರು ಬರಿಯ ಅಭಿಮಾನದಿಂದ ಮಾತನಾಡುವರೆಂದು ತಳ್ಳಿಹಾಕುವುದು ಸಾಧುವಲ್ಲ. ಅವರು ಹೇಳುವುದಿಷ್ಟು: ಗುಡ್ಡದ ಮಗ್ಗುಲ ಹಳ್ಳಿಯ ನಾಡ ಆಕಳ ಬೆಣ್ಣೆಯು ಹಳದಿಯಾಗಿರುವುದು, ಅದರ ತುಪ್ಪಕ್ಕೆ ಬೇರೆಯೇ ಪರಿಮಳವಿರುವುದು; ಪಟ್ಟಣದ ಮಿಶ್ರತಳಿಯ ಆಕಳ ಹಾಲಿಗೆ ಆ ಬಣ್ಣವೂ ಇಲ್ಲ, ಕಂಪೂ ಇಲ್ಲ; ಆದುದರಿಂದ ಭೇದವು ತಳಿಯದೇ ಆಗಿರಬೇಕು. ಇದರಲ್ಲಿ ಪ್ರತ್ಯಕ್ಷವಾಗಿ ಕಂಡ ಭಾಗವು ದಿಟವೇ. ಹಾಲಿನಲ್ಲಿ ಕೊಬ್ಬಿನ ಪ್ರಮಾಣವು ತಳಿಯಿಂದ ತಳಿಗೆ ಬೇರೆಯಾಗುವುದೂ ದಿಟ: ಆಕಳ ಹಾಲಿನಲ್ಲಿ ಸಾಮಾನ್ಯವಾಗಿ ನೂರಕ್ಕೆ ಮೂರೂವರೆಯಿಂದ ನಾಲ್ಕೂವರೆಯವರೆಗೆ, ಎಮ್ಮೆಯ ಹಾಲಿನಲ್ಲಿ ಆರರಿಂದ ಎಂಟರವರೆಗೆ ಕೊಬ್ಬು ಇರುತ್ತದೆ. ಆದರೆ ಕೊಬ್ಬು ಎಷ್ಟು ಎಂಬ ಪ್ರಶ್ನೆಯು ಒಂದು, ಕೊಬ್ಬು ಎಂಥದು ಎಂಬ ಪ್ರಶ್ನೆಯು ಮತ್ತೊಂದು. ವಿವಾದವಿರುವುದು ಎರಡನೆಯದರಲ್ಲಿ. ಅದನ್ನು ನಿರ್ಣಯಿಸಲು ಈ ಆಮ್ಲವು ಪಶುವಿನ ಒಡಲಿನಲ್ಲಿ ಹುಟ್ಟುವ ಕ್ರಮವನ್ನು ತಿಳಿಯದೆ ಗತಿಯಿಲ್ಲ.

ಹಾಲಿನ ಕೊಬ್ಬು ಎರಡು ಮೂಲಗಳಿಂದ ಬರುತ್ತದೆ. ದನವು ಮೇದ ಹುಲ್ಲು ಸೊಪ್ಪುಗಳು ಅದರ ಮೊದಲ ಹೊಟ್ಟೆಯಾದ ಮೆಲುಕುಚೀಲದಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳಿಂದ ಹುಳಿತು ಅಸಿಟಿಕ್, ಬ್ಯುಟಿರಿಕ್ ಮೊದಲಾದ ಲಘುವಾದ ಆಮ್ಲಗಳಾಗುತ್ತವೆ. ರಕ್ತದ ಮೂಲಕ ಕೆಚ್ಚಲನ್ನು ಸೇರಿದ ಇವುಗಳಿಂದ ಕೆಚ್ಚಲೇ ಸ್ವತಃ ಸಣ್ಣ ಸರಪಳಿಯ ಮತ್ತು ನಡುತರದ ಮೇದಾಮ್ಲಗಳನ್ನು ಕಟ್ಟುತ್ತದೆ. ಸ್ಥೂಲವಾಗಿ ಹೇಳುವುದಾದರೆ ಹಾಲಿನ ಮೇದಾಮ್ಲಗಳ ಅರ್ಧಭಾಗವು ಹೀಗೆ ಹುಟ್ಟತಕ್ಕದ್ದು. ಉಳಿದ ಅರ್ಧವು ನೀಳವಾದ ಸರಪಳಿಯ ಆಮ್ಲಗಳು. ಇವು ಮೇವಿನ ಎಣ್ಣೆಯಂಶದಿಂದಲೂ ದೇಹದ ಸಂಗ್ರಹದಿಂದಲೂ ಸಿದ್ಧವಾಗಿಯೇ ಕೆಚ್ಚಲಿಗೆ ಬರುತ್ತವೆ. ಪ್ರಕೃತ ಆಮ್ಲವು ಈ ಎರಡನೆಯ ದಾರಿಯಲ್ಲಿ ಹುಟ್ಟುವುದು.

ಹಸಿರು ಹುಲ್ಲಿನಲ್ಲಿ ಎಣ್ಣೆಯಂಶವು ಅತ್ಯಲ್ಪವಾದರೂ ಅದರ ಮೇದಾಮ್ಲಗಳಲ್ಲಿ ಅರ್ಧಕ್ಕಿಂತ ಹೆಚ್ಚಿನ ಭಾಗವು ಲಿನೋಲೆನಿಕ್ ಆಮ್ಲ. ಹತ್ತಿಕಾಳು, ಕುಸುಬಿಗಳ ಎಣ್ಣೆಯಲ್ಲಿ ಹೇರಳವಾಗಿರುವುದು ಲಿನೋಲಿಯಿಕ್ ಆಮ್ಲ. ಎರಡು ಹೆಸರುಗಳೂ ಅಗಸೆಗೆ ಲ್ಯಾಟಿನ್ ಭಾಷೆಯಲ್ಲಿರುವ ‘ಲೀನುಮ್’ ಎಂಬ ಪದದಿಂದ ಬಂದವು. ಮೊದಲನೆಯದರಲ್ಲಿ ಇಂಗಾಲದ ಸರಪಳಿಯಲ್ಲಿ ಮೂರು ದ್ವಿಬಂಧಗಳು, ಎರಡನೆಯದರಲ್ಲಿ ಎರಡು. ಇಂಥ ಅಪರ್ಯಾಪ್ತ ಆಮ್ಲಗಳು ಮೆಲುಕುಚೀಲದ ಸೂಕ್ಷ್ಮಜೀವಿಗಳಿಗೆ ವಿಷಪ್ರಾಯ. ಆದಕಾರಣ ಅವು ಜಲಜನಕವನ್ನು ಸೇರಿಸಿ ದ್ವಿಬಂಧಗಳನ್ನು ಒಂದೊಂದಾಗಿ ಮುಚ್ಚುತ್ತ ಕೊನೆಗೆ ಪೂರ್ಣಪರ್ಯಾಪ್ತವಾದ ಸ್ಟಿಯರಿಕ್ ಆಮ್ಲವನ್ನಾಗಿ ಮಾಡುತ್ತವೆ. ದನದ ಮೇವಿನಲ್ಲಿ ಎಣ್ಣೆ ತೆಳುವಾಗಿದ್ದರೂ ಅದರ ಕೊಬ್ಬು ಗಟ್ಟಿಯಾಗಿರುವುದಕ್ಕೆ ಇದೇ ಕಾರಣ.

ಈ ಕೆಲಸವು ಒಂದೇ ಹೆಜ್ಜೆಯಲ್ಲಿ ಮುಗಿಯತಕ್ಕದ್ದಲ್ಲ. ಲಿನೋಲಿಯಿಕ್ ಆಮ್ಲದಲ್ಲಿ ದೂರವಾಗಿದ್ದ ಎರಡು ದ್ವಿಬಂಧಗಳು ಮೊದಲ ಹೆಜ್ಜೆಯಲ್ಲಿ ಸಮೀಪಕ್ಕೆ ಸರಿದು, ಒಂದು ನೊಗಕ್ಕೆ ಹೂಡಿದ ಜೋಡಿ ಎತ್ತುಗಳಂತೆ ಆಗುತ್ತವೆ. ‘ಕಾಂಜುಗೇಟೆಡ್’ ಎಂಬ ಶಬ್ದದಲ್ಲಿರುವ ಲ್ಯಾಟಿನ್ ‘ಜುಗುಮ್’ ಎಂಬುದು ಸಂಸ್ಕೃತದ ‘ಯುಗ’ ಶಬ್ದದ ಬಂಧುವೇ ಆಗಿ ನೊಗವೆಂಬ ಅರ್ಥವುಳ್ಳದ್ದು; ಆದುದರಿಂದ ಇದನ್ನು ಸಂಯುಗ್ಮ ಲಿನೋಲಿಯಿಕ್ ಆಮ್ಲವೆನ್ನಬಹುದು. ಹಾಲಿನಲ್ಲಿ ಮುಖ್ಯವಾಗಿ ಕಾಣುವ ಅದರ ರೂಪಕ್ಕೆ ೧೯೯೮ರಲ್ಲಿ ಮೆಲುಕುಚೀಲದ ಹೆಸರಿನಿಂದಲೇ ರೂಮೆನಿಕ್ ಆಮ್ಲವೆಂಬ ಹೆಸರು ಸೂಚಿತವಾಯಿತು. ಎರಡನೆಯ ಹೆಜ್ಜೆಯಲ್ಲಿ ಒಂದು ದ್ವಿಬಂಧವು ಮುಚ್ಚಿ ವ್ಯಾಕ್ಸೆನಿಕ್ ಆಮ್ಲವಾಗುವುದು; ಈ ಹೆಸರು ಲ್ಯಾಟಿನ್ ಭಾಷೆಯಲ್ಲಿ ಆಕಳೆಂದು ಅರ್ಥವುಳ್ಳ ‘ವಾಕ್ಕಾ’ ಶಬ್ದದಿಂದ ಬಂದುದು. ಮೂರನೆಯ ಹೆಜ್ಜೆಯಲ್ಲಿ ಅದು ಸ್ಟಿಯರಿಕ್ ಆಮ್ಲವಾಗುವುದು. ಹುಲ್ಲಿನ ಲಿನೋಲೆನಿಕ್ ಆಮ್ಲವು ನೇರವಾಗಿ ರೂಮೆನಿಕ್ ಆಮ್ಲವಾಗದಿದ್ದರೂ ಬೇರೊಂದು ದಾರಿಯಿಂದ ಇದೇ ವ್ಯಾಕ್ಸೆನಿಕ್ ಆಮ್ಲದ ಘಟ್ಟಕ್ಕೆ ಬಂದು ಸೇರುತ್ತದೆ. ಬ್ಯುಟಿರಿವಿಬ್ರಿಯೊ ಎಂಬ ಸೂಕ್ಷ್ಮಜೀವಿಯು ಈ ಕಾರ್ಯದಲ್ಲಿ ಮುಂದಾಳುವೆಂಬುದು ೧೯೬೦ರ ದಶಕದಲ್ಲಿಯೇ ತಿಳಿದುಬಂದಿತು.

ಮೆಲುಕುಚೀಲದಲ್ಲಿ ಹುಟ್ಟಿದ ರೂಮೆನಿಕ್ ಆಮ್ಲವೇ ಹಾಲಿಗೆ ಇಳಿಯುವುದೆಂದು ಬಹುಕಾಲ ತಿಳಿಯಲಾಗಿತ್ತು. ಅದು ಪೂರ್ಣಸತ್ಯವಲ್ಲವೆಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಗ್ರಿನಾರಿ, ಬಾಮನ್ ಮೊದಲಾದವರು ೨೦೦೦ದ ಸುಮಾರಿನಲ್ಲಿ ತೋರಿಸಿದರು. ಚೀಲದಲ್ಲಿ ಮೂರನೆಯ ಹೆಜ್ಜೆಯು ನಿಧಾನವಾದುದರಿಂದ ವ್ಯಾಕ್ಸೆನಿಕ್ ಆಮ್ಲವು ಅಲ್ಲಿ ಕೂಡಿಕೊಳ್ಳುತ್ತದೆ. ಅದರ ಒಂದು ಪಾಲು ಕರುಳನ್ನು ದಾಟಿ ರಕ್ತದಲ್ಲಿ ಸೇರಿ ಕೆಚ್ಚಲಿಗೆ ಬರುತ್ತದೆ. ಅಲ್ಲಿ ಡೆಲ್ಟಾ-೯ ಡಿಸ್ಯಾಚುರೇಸ್ ಎಂಬ ಕಿಣ್ವವು ಮುಚ್ಚಿದ ದ್ವಿಬಂಧದ ಸ್ಥಾನದಲ್ಲಿ ಮತ್ತೊಂದನ್ನು ತೆರೆದು ಅದನ್ನು ರೂಮೆನಿಕ್ ಆಮ್ಲವನ್ನಾಗಿ ಮಾಡುತ್ತದೆ. ಹಾಲಿನ ರೂಮೆನಿಕ್ ಆಮ್ಲದ ಹೆಚ್ಚಿನ ಪಾಲು ಹೀಗೆ ಕೆಚ್ಚಲಿನಲ್ಲಿಯೇ ಸಿದ್ಧವಾಗುವುದು. ಒಟ್ಟಿನಲ್ಲಿ ಈ ಆಮ್ಲಕ್ಕೆ ಉಪಾದಾನವು ಮೇವು, ಪಾಕಶಾಲೆಯು ಮೆಲುಕುಚೀಲ, ಅಂತ್ಯಸಂಸ್ಕಾರ ಮಾಡುವುದು ಕೆಚ್ಚಲು. ಈ ಮೂರರಲ್ಲಿ ಚೀಲವೂ ಕೆಚ್ಚಲೂ ಖಿಲಾರಿಗೂ ಉಂಟು, ಜರ್ಸಿಗೂ ಉಂಟು, ಧಾರವಾಡಿ ಎಮ್ಮೆಗೂ ಉಂಟು. ಎಲ್ಲೆಡೆ ಒಂದೇ ಆಗಿರದೆ ಬದಲಾಗುವುದು ಮುಖ್ಯವಾಗಿ ಮೇವು.

ಕಾರ್ಯಕಾರಣಭಾವವನ್ನು ನಿರ್ಣಯಿಸಲು ತಾರ್ಕಿಕರು ಅನ್ವಯವ್ಯತಿರೇಕಗಳೆಂಬ ಒರೆಗಲ್ಲನ್ನು ಕೊಟ್ಟಿದ್ದಾರೆ: ಯಾವುದಿದ್ದರೆ ಕಾರ್ಯವುಂಟೋ, ಯಾವುದಿಲ್ಲದಿದ್ದರೆ ಕಾರ್ಯವಿಲ್ಲವೋ ಅದೇ ಕಾರಣ. ಈ ಒರೆಗಲ್ಲಿಗೆ ಮೇವಿನ ಪಕ್ಷವನ್ನು ಮೊದಲು ಹಚ್ಚಿ ನೋಡಬಹುದು. ೧೯೩೫ರಲ್ಲಿ ಇಂಗ್ಲೆಂಡಿನ ಬೂತ್, ಕಾನ್, ಡ್ಯಾನ್, ಮೂರ್ ಎಂಬ ನಾಲ್ವರು ಬೆಣ್ಣೆಯ ಕೊಬ್ಬಿನ ಋತುಭೇದವನ್ನು ಬೆಳಕಿನ ಹೀರಿಕೆಯಿಂದ ಅಳೆದು, ಚಳಿಗಾಲದ ಕೊಟ್ಟಿಗೆಯಿಂದ ದನಗಳನ್ನು ಹುಲ್ಲುಗಾವಲಿಗೆ ಬಿಟ್ಟೊಡನೆ ಆ ಹೀರಿಕೆಯು ಹೆಚ್ಚುವುದನ್ನು ಕಂಡರು. ಸಂಯುಗ್ಮ ದ್ವಿಬಂಧಗಳ ಗುರುತಾದ ಹೀರಿಕೆಯೇ ಅದು. ದನಗಳು ಅವೇ; ಬದಲಾದುದು ಮೇವು. ೧೯೯೯ರಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ಧೀಮಾನ್ ಮೊದಲಾದವರು ಪ್ರಕಟಿಸಿದ ಪರೀಕ್ಷೆಯಲ್ಲಿ, ಆಹಾರದ ಮೂರನೆಯ ಒಂದು ಭಾಗವನ್ನು ಹುಲ್ಲುಗಾವಲಿನಿಂದ ಪಡೆದ ಆಕಳುಗಳ ಹಾಲಿನ ಒಂದು ಗ್ರಾಂ ಮೇದಾಮ್ಲದಲ್ಲಿ ೮.೯ ಮಿಲಿಗ್ರಾಂ, ಮೂರನೆಯ ಎರಡು ಭಾಗವನ್ನು ಪಡೆದವುಗಳಲ್ಲಿ ೧೪.೩ ಮಿಲಿಗ್ರಾಂ, ಪೂರ್ಣವಾಗಿ ಹುಲ್ಲಿನಿಂದಲೇ ಬದುಕಿದವುಗಳಲ್ಲಿ ೨೨.೧ ಮಿಲಿಗ್ರಾಂ ಸಂಯುಗ್ಮ ಆಮ್ಲವು ದೊರೆಯಿತು. ಮೇವು ಏರಿದಂತೆ ಆಮ್ಲವೂ ಮೆಟ್ಟಿಲು ಮೆಟ್ಟಿಲಾಗಿ ಏರಿರುವುದು. ಇದಕ್ಕಿಂತ ಸ್ಪಷ್ಟವಾದ ಅನ್ವಯವನ್ನು ಕೇಳಲಾಗದು.

ಇನ್ನು ತಳಿಯ ಪಕ್ಷ. ೨೦೦೩ರಲ್ಲಿ ಕಾರ್ನೆಲ್‌ನವರೇ ಹೋಲ್‌ಸ್ಟೀನ್ ಮತ್ತು ಬ್ರೌನ್ ಸ್ವಿಸ್ ಎಂಬ ಎರಡು ತಳಿಗಳಿಗೆ ಒಂದೇ ಮೇವನ್ನು ಹಾಕಿ ಹಾಲನ್ನು ಅಳೆದರು. ತಳಿಯಿಂದ ತಳಿಗೆ ಕಂಡ ಭೇದವು ಅತ್ಯಲ್ಪ. ಒಂದೇ ತಳಿಯ ಒಂದು ಆಕಳಿಗೂ ಮತ್ತೊಂದಕ್ಕೂ ಇದ್ದ ಭೇದವಾದರೋ ಸುಮಾರು ಮೂರು ಪಟ್ಟು. ಕೆಚ್ಚಲಿನ ಕಿಣ್ವವು ಒಂದೊಂದು ಪಶುವಿನಲ್ಲಿ ಒಂದೊಂದು ಬಲದಿಂದ ಕೆಲಸಮಾಡುವುದೇ ಇದರ ಕಾರಣಗಳಲ್ಲೊಂದು. ತಳಿಗಳ ನಡುವೆ ಭೇದವೇ ಇಲ್ಲವೆಂದು ಇದರಿಂದ ಸಾಧಿಸಬೇಕಾಗಿಲ್ಲ. ಆದರೆ ಮೇವಿನ ಭೇದದ ಮುಂದೆ ಅದು ಗೌಣವೆಂಬುದು ನಿಶ್ಚಿತ. ಹೀಗಿರಲಾಗಿ ಗುಡ್ಡದ ಮಗ್ಗುಲಿನ ನಾಡ ಆಕಳ ಹಾಲಿನ ಅತಿಶಯಕ್ಕೆ ತಳಿಯನ್ನು ಕಾರಣವೆನ್ನುವುದು ನ್ಯಾಯಶಾಸ್ತ್ರದ ಪ್ರಸಿದ್ಧ ದೃಷ್ಟಾಂತದಲ್ಲಿ ಕುಂಬಾರನ ಕತ್ತೆಯನ್ನು ಗಡಿಗೆಗೆ ಕಾರಣವೆಂದಂತೆ ಆಗುವುದು. ಕತ್ತೆಯು ಮಣ್ಣನ್ನು ಹೊತ್ತು ತಂದುದು ದಿಟ, ಗಡಿಗೆಯ ಬಳಿಯಲ್ಲಿ ಅದು ನಿಂತಿರುವುದೂ ದಿಟ. ಆದರೂ ಮಣ್ಣು ಬೇರೊಂದು ಬಂಡಿಯಲ್ಲಿ ಬಂದಿದ್ದರೂ ಗಡಿಗೆಯು ಆಗಿಯೇ ಆಗುತ್ತಿತ್ತು. ತಾರ್ಕಿಕರು ಇಂಥದನ್ನು ಅನ್ಯಥಾಸಿದ್ಧವೆಂದು ಕರೆಯುವರು. ನಾಡ ಆಕಳು ಬಯಲಿಗೆ ಹೋಗಿ ಮೇಯುತ್ತದೆ, ಮಿಶ್ರತಳಿಯ ಆಕಳನ್ನು ಕಟ್ಟಿ ಹಾಕುತ್ತಾರೆ. ಬೆಣ್ಣೆಯ ಹಳದಿಯೂ ಹಸಿರು ಮೇವಿನ ವರ್ಣದ್ರವ್ಯದಿಂದ ಬಂದುದೇ. ಮೇವಿನ ಗುಣವನ್ನು ತಳಿಯ ಲೆಕ್ಕಕ್ಕೆ ಬರೆದಿರುವುದೇ ಪೂರ್ವಪಕ್ಷದ ದೋಷ.

ಮೇವು ಕೊಬ್ಬನ್ನು ಮಾರ್ಪಡಿಸುವುದೆಂಬ ಸಂಗತಿಯನ್ನು ಭಾರತದ ತುಪ್ಪದ ನಿಯಮಗಳೇ ಬಹುಕಾಲದಿಂದ ಒಪ್ಪಿಕೊಂಡಿವೆ. ಆಗ್‌ಮಾರ್ಕ್ ವರ್ಗೀಕರಣದಲ್ಲಿ ದನಗಳಿಗೆ ಹತ್ತಿಕಾಳನ್ನು ವಿಶೇಷವಾಗಿ ಹಾಕುವ ಹತ್ತಿಸೀಮೆಗಳ ತುಪ್ಪಕ್ಕೆ ಬೇರೆ ಮಿತಿಗಳು ಇಡಲ್ಪಟ್ಟವು. ಸಣ್ಣ ಸರಪಳಿಯ ಆಮ್ಲಗಳನ್ನು ಅಳೆಯುವ ರೈಖರ್ಟ್ ಅಂಕವು ಅಂಥ ತುಪ್ಪದಲ್ಲಿ ಕಡಿಮೆಯಾಗಿರುವುದರಿಂದ, ಒಂದೇ ಮಿತಿಯನ್ನು ಎಲ್ಲರಿಗೂ ವಿಧಿಸಿದರೆ ಶುದ್ಧವಾದ ತುಪ್ಪವೂ ಕಲಬೆರಕೆಯೆಂದು ತೋರುವ ಭಯವಿತ್ತು. ಹತ್ತಿಕಾಳಿನ ನೀಳ ಸರಪಳಿಯ ಆಮ್ಲಗಳು ಹೆಚ್ಚಾಗಿ ಬಂದು ಕೆಚ್ಚಲು ತಾನೇ ಕಟ್ಟುವ ಸಣ್ಣ ಆಮ್ಲಗಳ ಪಾಲನ್ನು ಕುಗ್ಗಿಸುವುದೇ ಇದರ ರಹಸ್ಯ. ನಿಯಮವು ಇಲ್ಲಿ ತಳಿಯನ್ನು ಕೇಳಲಿಲ್ಲ. ದನವು ಏನನ್ನು ತಿಂದಿತೆಂದು ಕೇಳಿತು.

ಈ ಸಿದ್ಧಾಂತವನ್ನು ಗದಗ ಸೀಮೆಗೆ ಅನ್ವಯಿಸಿ ನೋಡಿದರೆ ಹಲವು ವಿಷಯಗಳು ತಿಳಿಯಾಗುತ್ತವೆ. ಜೋಳವನ್ನು ಕೊಯ್ದು ಒಣಗಿಸಿ ಬಣವೆ ಒಟ್ಟಿದ ಕಣಿಕಿಯಲ್ಲಿ ಹಸಿರಿನ ಎಣ್ಣೆಯಂಶವು ಬಿಸಿಲಿಗೂ ಗಾಳಿಗೂ ಬಹಳಮಟ್ಟಿಗೆ ನಾಶವಾಗಿರುತ್ತದೆ. ಕಣಿಕಿಯು ಹೊಟ್ಟೆಯನ್ನು ತುಂಬುವುದು, ಮೆಲುಕನ್ನು ನಡೆಸುವುದು, ಹಾಲಿನಲ್ಲಿ ಕೊಬ್ಬಿನ ಪ್ರಮಾಣವನ್ನು ಉಳಿಸುವುದು. ಆದರೆ ಸಂಯುಗ್ಮ ಆಮ್ಲಕ್ಕೆ ಬೇಕಾದ ಉಪಾದಾನವನ್ನು ಅದು ಕೊಡಲಾರದು. ಆದುದರಿಂದ ಒಂದೇ ಆಕಳ ಹಾಲು ಶ್ರಾವಣ ಭಾದ್ರಪದಗಳಲ್ಲಿ ಒಂದು ಬಗೆ, ಚೈತ್ರ ವೈಶಾಖಗಳಲ್ಲಿ ಮತ್ತೊಂದು ಬಗೆಯಾಗಿರುವುದು ಅನುಮಾನಸಿದ್ಧ. ಬೇಸಿಗೆಯಲ್ಲಿ ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬುವುದು ಹತ್ತಿಕಾಳು ಮತ್ತು ಕುಸುಬಿ, ಶೇಂಗಾ ಹಿಂಡಿಗಳು. ಇಲ್ಲಿ ಮತ್ತೊಂದು ಸೂಕ್ಷ್ಮವುಂಟು. ಗಾಣದಲ್ಲಿ ಹಿಂಡಿದ ಹಿಂಡಿಯಲ್ಲಿ ನೂರಕ್ಕೆ ಏಳೆಂಟು ಭಾಗ ಎಣ್ಣೆಯು ಉಳಿಯುವುದು. ರಾಸಾಯನಿಕ ದ್ರಾವಕದಿಂದ ಎಣ್ಣೆಯನ್ನು ತೆಗೆದ ಹಿಂಡಿಯಲ್ಲಿ ಒಂದು ಭಾಗದಷ್ಟು ಉಳಿದರೆ ಹೆಚ್ಚು. ಹಿಂಡಿಯೆಂಬ ಹೆಸರು ಒಂದೇ, ವಸ್ತುವು ಎರಡು. ಆದರೂ ಎಣ್ಣೆಯು ಹೆಚ್ಚಿದಷ್ಟೂ ಒಳ್ಳೆಯದೆಂದು ತಿಳಿಯಬಾರದು. ಒಟ್ಟು ಒಣಮೇವಿನಲ್ಲಿ ಕೊಬ್ಬು ನೂರಕ್ಕೆ ಆರೇಳನ್ನು ಮೀರಿದರೆ ಸೂಕ್ಷ್ಮಜೀವಿಗಳು ಕುಗ್ಗಿ ನಾರು ಜೀರ್ಣವಾಗದೆ ಹೋಗುವುದು. ಕಾಳು ಹಿಟ್ಟುಗಳನ್ನು ಹೇರಳವಾಗಿ ಹಾಕಿ ನಾರನ್ನು ಕಡಿಮೆಮಾಡಿದರೆ ಚೀಲದ ಪಾಕವೇ ದಾರಿತಪ್ಪಿ, ದ್ವಿಬಂಧಗಳು ಬೇರೆ ಸ್ಥಾನದಲ್ಲಿ ಜೋಡಿಯಾದ ಇನ್ನೊಂದು ಸಂಯುಗ್ಮ ಆಮ್ಲವು ಹುಟ್ಟುವುದು. ಅದು ಕೆಚ್ಚಲಿನ ಕೊಬ್ಬು ಕಟ್ಟುವ ಕಾರ್ಯವನ್ನೇ ತಡೆಯುವುದೆಂದು ೨೦೦೦ದ ಸುಮಾರಿನಲ್ಲಿ ಸಿದ್ಧಪಟ್ಟಿತು. ಕಣಿಕಿಯ ನಾರೂ ಹಸಿರಿನ ಎಣ್ಣೆಯೂ ಕೂಡಿದಾಗಲೇ ಹಾಲಿನ ಕೊಬ್ಬು ಪ್ರಮಾಣದಲ್ಲಿಯೂ ಗುಣದಲ್ಲಿಯೂ ನಿಲ್ಲುವುದು.

ಹಾಗಾದರೆ ನಾಡತಳಿಯು ವ್ಯರ್ಥವೇ ಎಂಬ ಆಕ್ಷೇಪವು ಇಲ್ಲಿ ಏಳಬಹುದು. ವ್ಯರ್ಥವಲ್ಲ. ಬಿಸಿಲನ್ನು ತಡೆದು, ದೂರ ನಡೆದು, ಕಲ್ಲುಗುಡ್ಡದ ಬಡಹುಲ್ಲಿನಲ್ಲಿ ಬಾಳುವ ಶಕ್ತಿಯು ನಾಡತಳಿಗೆ ಹೆಚ್ಚು. ಬಯಲಿನಲ್ಲಿ ಮೇಯಬಲ್ಲ ಪಶುವಾದುದರಿಂದ ಅದು ಸಹಕಾರಿಕಾರಣವಾಗಬಹುದು. ಆದರೆ ಅದೇ ಖಿಲಾರಿಯನ್ನು ಪಟ್ಟಣದಲ್ಲಿ ಕಟ್ಟಿ ಚೀಲದ ಆಹಾರದಿಂದಲೇ ಸಾಕಿದರೆ ಆ ಸಹಕಾರವು ಎಲ್ಲಿ ಉಳಿಯಿತು? ತಳಿಯ ಹೆಸರನ್ನು ಹೇಳಿ ಹಾಲಿಗೆ ಹೆಚ್ಚಿನ ಬೆಲೆಯನ್ನು ಕೊಡುವವನು ಬೆಲೆಗೆ ತಕ್ಕ ವಸ್ತುವನ್ನು ಪಡೆದನೆಂದು ಹೇಳುವುದು ಹೇಗೆ? ಎಮ್ಮೆಯ ವಿಷಯದಲ್ಲಿ ತಳಿಪಕ್ಷದ ಮೌನವೂ ಗಮನಾರ್ಹ. ಎಮ್ಮೆಯೂ ಮೆಲುಕುಹಾಕುವ ಪ್ರಾಣಿಯೇ. ಅದರ ಚೀಲದಲ್ಲಿಯೂ ಇದೇ ಪಾಕವು ನಡೆಯುವುದು. ಕೊಬ್ಬು ಇಮ್ಮಡಿಯಾಗಿರುವುದರಿಂದ ಒಂದೇ ಮೇವನ್ನು ಮೇದಾಗ ಒಂದು ಸೇರು ಎಮ್ಮೆಯ ಹಾಲಿನಲ್ಲಿ ಈ ಆಮ್ಲವು ಆಕಳ ಹಾಲಿಗಿಂತ ಹೆಚ್ಚಾಗಿಯೇ ಇರಲು ಸಾಧ್ಯ. ಪ್ರೊಟೀನಿಗೆ ಸಂಬಂಧಿಸಿದ ‘ಎ-೧, ಎ-೨’ ಎಂಬ ವಾದವನ್ನು ಈ ವಿಚಾರದಲ್ಲಿ ಬೆರಸುವುದಂತೂ ಸಂಕರದೋಷ. ಅದು ಬೀಟಾ-ಕೇಸಿನ್ ಎಂಬ ಪ್ರೊಟೀನಿನ ೬೭ನೆಯ ಸ್ಥಾನದ ಭೇದವೇ ಹೊರತು ಕೊಬ್ಬಿನ ಭೇದವಲ್ಲ; ತುಪ್ಪದಲ್ಲಿಯಾದರೋ ಪ್ರೊಟೀನು ಉಳಿಯುವುದೇ ಇಲ್ಲವೆನ್ನಬಹುದು.

ಮೂರನೆಯದು ಶಾಸ್ತ್ರದ ಸಾಕ್ಷ್ಯ. ಭಾವಪ್ರಕಾಶದಲ್ಲಿ ಆಕಳ ಬಣ್ಣದಿಂದ ಹಾಲಿನ ಗುಣವನ್ನು ವಿಂಗಡಿಸಿದ ಭಾಗವುಂಟು. ಕಪ್ಪು ಆಕಳ ಹಾಲಿನ ಹಿರಿಮೆಯನ್ನು ಸಾರುವವರೆಲ್ಲರೂ ಅದನ್ನು ಉದ್ಧರಿಸುತ್ತಾರೆ. ಆದರೆ ಅದೇ ಪ್ರಕರಣದಲ್ಲಿ ಭಾವಮಿಶ್ರನು ಜಾಂಗಲ, ಆನೂಪ, ಶೈಲಪ್ರದೇಶಗಳಲ್ಲಿ ಮೇಯುವ ಆಕಳುಗಳ ಹಾಲು ಒಂದಕ್ಕಿಂತ ಒಂದು ಗುರುವೆಂದು ಹೇಳಿ, ಹಾಲಿನ ಸ್ನೇಹವು ಪಶುವಿನ ಆಹಾರವನ್ನು ಅನುಸರಿಸಿ ಹೊರಡುವುದೆಂಬ ತಾತ್ಪರ್ಯವನ್ನು ಸ್ಪಷ್ಟವಾಗಿಯೇ ತಿಳಿಸಿದ್ದಾನೆ. ಹುಲ್ಲು ಸೊಪ್ಪೆಗಳನ್ನೂ ಹತ್ತಿಬೀಜವನ್ನೂ ತಿಂದ ಆಕಳ ಹಾಲು ಹಿತವೆಂಬುದೂ ಅಲ್ಲಿಯೇ ಇದೆ. ಸುಶ್ರುತನು ಆಡಿನ ಹಾಲಿನ ಲಘುತ್ವಕ್ಕೆ ಹೇಳುವ ಹೇತುಗಳೂ ಇದೇ ಜಾತಿಯವು: ಅದು ಕಟುತಿಕ್ತವಾದ ಸೊಪ್ಪನ್ನು ಮೇಯುತ್ತದೆ, ನೀರನ್ನು ಕಡಿಮೆ ಕುಡಿಯುತ್ತದೆ, ಬಹಳ ಓಡಾಡುತ್ತದೆ. ಪ್ರಾಚೀನರು ಕುಲವನ್ನು ಹೇಳಿ ಸುಮ್ಮನಾಗಲಿಲ್ಲ. ಮೇವು, ನೀರು, ನಡಿಗೆಗಳನ್ನು ಹೇತುವಾಗಿ ಕೊಟ್ಟರು. ಬಣ್ಣದ ಮಾತನ್ನು ಉಳಿಸಿಕೊಂಡು ಮೇವಿನ ಮಾತನ್ನು ಬಿಟ್ಟುಬಿಡುವುದು ಉಪಕ್ರಮೋಪಸಂಹಾರಗಳನ್ನು ನೋಡದೆ ನಡುವಿನ ಒಂದು ತುಣುಕನ್ನು ಕಿತ್ತುಕೊಂಡಂತೆ. ಶಾಸ್ತ್ರವನ್ನು ಪ್ರಮಾಣವೆಂದು ಹಿಡಿಯುವವರು ಪೂರ್ಣವಾಗಿ ಹಿಡಿಯಬೇಕು.

ಇದರಿಂದ ಭಾವಮಿಶ್ರನಿಗೆ ಸಂಯುಗ್ಮ ಆಮ್ಲವು ತಿಳಿದಿತ್ತೆಂದು ಹೇಳುವುದೂ ಅಷ್ಟೇ ದೋಷಯುಕ್ತ. ಆತನ ‘ಸ್ನೇಹ’, ‘ಗುರು’ ಮೊದಲಾದ ಶಬ್ದಗಳು ಆತನ ಶಾಸ್ತ್ರದ ಪರಿಭಾಷೆಗಳು; ದ್ವಿಬಂಧಗಳ ಸ್ಥಾನವನ್ನು ಅವು ಹೇಳುವುದಿಲ್ಲ. ಆತನು ಶೈಲದ ಹಾಲನ್ನು ಗುರುವೆಂದುದು ಹೊಗಳಿಕೆಯೂ ಅಲ್ಲ. ಜೀರ್ಣಶಕ್ತಿಯು ಮಂದವಾದವನಿಗೆ ಗುರುದ್ರವ್ಯವು ಅಹಿತವೇ. ಕನ್ನಡದಲ್ಲಿ ಚಾಲುಕ್ಯವಂಶದ ಕೀರ್ತಿವರ್ಮನು ರಚಿಸಿದ ‘ಗೋವೈದ್ಯ’ವನ್ನು ಈ ವಾದಕ್ಕೆ ಕರೆತರುವುದೂ ಸಲ್ಲದು, ಅದರ ವಿಷಯವು ದನಗಳ ರೋಗಚಿಕಿತ್ಸೆಯೇ ಹೊರತು ಹಾಲಿನ ಗುಣನಿರೂಪಣೆಯಲ್ಲ. ಪ್ರಾಚೀನರಿಗೆ ಸಲ್ಲಬೇಕಾದ ಗೌರವವು ಇಷ್ಟು: ಮೇವಿಗೂ ಹಾಲಿನ ಕೊಬ್ಬಿಗೂ ಕಾರ್ಯಕಾರಣಭಾವವುಂಟೆಂದು ಅವರು ಕಂಡರು. ಅದರ ನಡುವಿನ ಕ್ರಮವನ್ನು ಕಂಡವರು ಇಪ್ಪತ್ತನೆಯ ಶತಮಾನದ ರಸಾಯನಜ್ಞರು. ಇಬ್ಬರ ಪಾಲನ್ನೂ ಇಬ್ಬರಿಗೆ ಕೊಟ್ಟರೆ ಯಾರ ಮಾನವೂ ಕುಂದುವುದಿಲ್ಲ.

ಇನ್ನು ಉಳಿದುದ್ದು ಮೊದಲನೆಯ ಪ್ರತಿಜ್ಞೆ, ಎಂದರೆ ಈ ಆಮ್ಲವು ಹಿತಕರವೆಂಬುದು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಪರೀಜಾ ಮತ್ತು ಸಂಗಡಿಗರು ೧೯೮೭ರಲ್ಲಿ, ಗೋಮಾಂಸದ ಸಾರದಲ್ಲಿ ಇಲಿಗಳ ಚರ್ಮದ ಅರ್ಬುದವನ್ನು ತಡೆಯುತ್ತಿದ್ದ ದ್ರವ್ಯವು ಇದೇ ಎಂದು ಗುರುತಿಸಿದರು. ಅಲ್ಲಿಂದ ಇದರ ಕೀರ್ತಿಯು ಹಬ್ಬಿತು. ೧೯೯೪ರಲ್ಲಿ ಕ್ಲೆಮೆಂಟ್ ಇಪ್ ಮೊದಲಾದವರು ಇಲಿಗಳಲ್ಲಿ ಫಲಕೊಟ್ಟ ಪ್ರಮಾಣವನ್ನು ಎಪ್ಪತ್ತು ಕಿಲೋಗ್ರಾಂ ತೂಕದ ಮನುಷ್ಯನಿಗೆ ಲೆಕ್ಕಹಾಕಿ ದಿನಕ್ಕೆ ಸುಮಾರು ೩ ಗ್ರಾಂ ಬೇಕಾಗುವುದೆಂದರು. ಈ ಲೆಕ್ಕವನ್ನೇ ಹಿಡಿದರೂ ಫಲಿತಾಂಶವೇನು? ಒಂದು ಲೀಟರು ಆಕಳ ಹಾಲಿನಲ್ಲಿ ೪೦ ಗ್ರಾಂ ಕೊಬ್ಬಿದೆಯೆನ್ನೋಣ. ಒಂದು ಗ್ರಾಂ ಕೊಬ್ಬಿಗೆ ೫ ಮಿಲಿಗ್ರಾಂ ಆಮ್ಲವಿದ್ದರೆ ಲೀಟರಿಗೆ ೨೦೦ ಮಿಲಿಗ್ರಾಂ ಆಯಿತು. ಪೂರ್ಣ ಹುಲ್ಲಿನ ಹಾಲಿನಂತೆ ೨೨ ಮಿಲಿಗ್ರಾಂ ಇದ್ದರೆ ೮೮೦ ಮಿಲಿಗ್ರಾಂ. ಅಂಥ ಉತ್ತಮೋತ್ತಮ ಹಾಲನ್ನು ಕುಡಿದರೂ ೩ ಗ್ರಾಂ ಆಗಲು ದಿನಕ್ಕೆ ಮೂರೂಕಾಲು ಲೀಟರಿಗಿಂತ ಹೆಚ್ಚು ಬೇಕು. ಅದರೊಡನೆ ೧೩೦ ಗ್ರಾಮಿಗೆ ಮೀರಿದ ಕೊಬ್ಬೂ ಹೊಟ್ಟೆಗೆ ಹೋಗುವುದು. ಇದನ್ನು ಔಷಧವೆನ್ನುವ ವೈದ್ಯನು ದೊರೆಯಲಾರನು.

ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ ಬಹಳಷ್ಟು ನಡೆದುದು ಹಾಲಿನ ಆಮ್ಲದಿಂದಲ್ಲ, ಗುಳಿಗೆಯ ಆಮ್ಲದಿಂದ. ಆ ಗುಳಿಗೆಯನ್ನು ಸಾಮಾನ್ಯವಾಗಿ ಕುಸುಬಿ ಎಣ್ಣೆಯನ್ನು ಕ್ಷಾರದಿಂದ ಮಾರ್ಪಡಿಸಿ ಮಾಡುವರು. ಅದರಲ್ಲಿ ಹಾಲಿನ ರೂಮೆನಿಕ್ ಆಮ್ಲದಷ್ಟೇ ಪ್ರಮಾಣದಲ್ಲಿ, ಕೆಚ್ಚಲಿನ ಕೊಬ್ಬನ್ನು ತಡೆಯುವುದೆಂದು ಮೇಲೆ ಹೇಳಿದ ಇನ್ನೊಂದು ರೂಪವೂ ಬೆರೆತಿರುತ್ತದೆ. ೨೦೦೨ರಲ್ಲಿ ಸ್ವೀಡನ್ನಿನ ಒಂದು ಪರೀಕ್ಷೆಯಲ್ಲಿ ಆ ಎರಡನೆಯ ರೂಪವು ಸ್ಥೂಲಕಾಯರಲ್ಲಿ ಇನ್ಸುಲಿನ್ನಿನ ಕಾರ್ಯವನ್ನು ಕೆಡಿಸಿತು. ಗುಳಿಗೆಯ ಗುಣದೋಷಗಳನ್ನು ಹಾಲಿಗೆ ಅಂಟಿಸುವುದು ಹೆಸರಿನ ಸಾಮ್ಯದಿಂದ ಬಂದ ಭ್ರಾಂತಿ. ೨೦೨೩ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದವರು ವ್ಯಾಕ್ಸೆನಿಕ್ ಆಮ್ಲವು ಅರ್ಬುದವನ್ನು ಎದುರಿಸುವ ರಕ್ತಕಣಗಳನ್ನು ಬಲಪಡಿಸುವುದೆಂದು ಪ್ರಕಟಿಸಿದ್ದಾರೆ. ಅದು ಮುಖ್ಯವಾಗಿ ಇಲಿಗಳಲ್ಲಿ ಕಂಡ ಫಲ. ಆದಕಾರಣ ‘ಹಿತಕರ’ವೆಂಬ ವಿಶೇಷಣವನ್ನು ಸಂಭಾವನೆಯೆಂದು ಹೇಳಬಹುದೇ ಹೊರತು ಸಿದ್ಧಾಂತವೆಂದು ಹೇಳಲಾಗದು. ರೋಗಿಯ ಮನೆಯಲ್ಲಿ ತುಪ್ಪವನ್ನು ಔಷಧದ ಸ್ಥಾನದಲ್ಲಿ ಇಡುವ ಲೇಖನವು ಅಪಾಯಕರವೆಂದು ಸ್ಪಷ್ಟವಾಗಿ ನುಡಿಯಬೇಕಾಗಿದೆ.

ಹೀಗೆ ಮೂರು ಪ್ರತಿಜ್ಞೆಗಳಲ್ಲಿ ಒಂದು ಸಂಶಯಿತ, ಒಂದು ಅಸಿದ್ಧ, ಒಂದು ಅರ್ಧೋಕ್ತಿ ಎಂದಾಯಿತು. ಹಾಗಿದ್ದರೆ ಈ ವಿಚಾರದ ಪ್ರಯೋಜನವೇನು? ಪ್ರಯೋಜನವು ದೊಡ್ಡದೇ. ಗುಣವು ತಳಿಯಲ್ಲಿದೆಯೆಂದು ನಂಬಿದ ಸಮಾಜವು ತಳಿಯ ಹೆಸರನ್ನು ಕೊಂಡು ತೃಪ್ತವಾಗುವುದು. ಗುಣವು ಮೇವಿನಲ್ಲಿದೆಯೆಂದು ಅರಿತ ಸಮಾಜವು ಮೇವಿನ ಭೂಮಿಯನ್ನು ಕಾಯುವುದು. ೧೯೬೬ರ ಕರ್ನಾಟಕ ಭೂಕಂದಾಯ ನಿಯಮಗಳು ನೂರು ದನಗಳಿಗೆ ೧೨ ಹೆಕ್ಟೇರು, ಎಂದರೆ ಸುಮಾರು ೩೦ ಎಕರೆ, ಗೋಮಾಳವನ್ನು ಬಿಡಬೇಕೆಂದು ವಿಧಿಸಿವೆ. ಗದಗ ಸೀಮೆಯ ಜನರು ಗಾಯರಾಣವೆಂದು ಕರೆಯುವ ಆ ಭೂಮಿಯೇ ಇಲ್ಲಿ ಹೊಗಳಲ್ಪಟ್ಟ ಆಮ್ಲದ ತವರು. ೨೦೧೯ರಲ್ಲಿ ವನ್ಯಜೀವಿಧಾಮವಾದ ಕಪ್ಪತಗುಡ್ಡವನ್ನು ಕಾಡಿನ ಪ್ರಾಣಿಗಳಿಗೆ ಉಳಿಸಬೇಕಾದಲ್ಲಿ ಊರಿನ ದನಗಳಿಗೆ ಊರಿನ ಗಾಯರಾಣವು ಮತ್ತಷ್ಟು ಅವಶ್ಯವಾಗುವುದು. ಗಾಯರಾಣವನ್ನು ಕಳೆದುಕೊಂಡ ಊರಿನಲ್ಲಿ ಖಿಲಾರಿಯನ್ನು ಪೂಜಿಸಿದರೂ ಅದರ ಹಾಲು ಕೊಟ್ಟಿಗೆಯ ಹಾಲೇ.

ಹಾಲಿನ ಬೆಲೆಯ ಕ್ರಮವನ್ನೂ ಇಲ್ಲಿ ನೆನೆಯಬೇಕು. ಸಂಘದಲ್ಲಿ ಹಾಲನ್ನು ಅಳೆಯುವುದು ಕೊಬ್ಬು ಮತ್ತು ಕೊಬ್ಬಲ್ಲದ ಘನಾಂಶಗಳ ಪ್ರಮಾಣದಿಂದ. ಬ್ಯಾಬ್‌ಕಾಕ್ ಮತ್ತು ಗರ್ಬರ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಕಂಡುಹಿಡಿದ ಕೊಬ್ಬಿನ ಪರೀಕ್ಷೆಗಳು ನೀರು ಬೆರಸುವವನನ್ನು ಹಿಡಿದು ಸಾಧುವಾದ ರೈತನಿಗೆ ನ್ಯಾಯವನ್ನು ಒದಗಿಸಿದವು. ಆದರೆ ಅವು ಕೊಬ್ಬಿನ ತೂಕವನ್ನು ಹೇಳುವವೇ ಹೊರತು ಜಾತಿಯನ್ನು ಹೇಳವು. ಗುಡ್ಡದ ಹುಲ್ಲನ್ನು ಮೇಯಿಸಿದವನಿಗೂ ಚೀಲದ ಆಹಾರವನ್ನು ಹಾಕಿದವನಿಗೂ ಅಲ್ಲಿ ಬೆಲೆಯು ಒಂದೇ. ಗದಗ ತಾಲೂಕಿನ ಕಣಗಿನಹಾಳವು ೧೯೦೫ರಲ್ಲಿ ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿ ನಾಡಿಗೆ ದಾರಿ ತೋರಿದ ಊರು. ಆ ಪರಂಪರೆಯ ಸೀಮೆಯಲ್ಲಿ ಗದಗದ ಪಶುವೈದ್ಯಕೀಯ ಮಹಾವಿದ್ಯಾಲಯದವರೂ ಹಾಲಿನ ಸಂಘಗಳೂ ಕೂಡಿ, ನಾಲ್ಕು ಕಡೆಯ ಹಾಲನ್ನು ಆರು ಋತುಗಳಲ್ಲಿ ಅಳೆದು, ಮೇವಿನೊಡನೆ ಹೋಲಿಸಿ ಬರೆದಿಟ್ಟರೆ, ತಳಿಯ ವಾದಕ್ಕೆ ಬೇಕಾದ ಉತ್ತರವು ಈ ನೆಲದಿಂದಲೇ ದೊರೆಯುವುದು. ಅಲ್ಲಿಯವರೆಗೆ ಹಾಲನ್ನು ಕೊಳ್ಳುವವನು ಆಕಳ ಕುಲವನ್ನು ಕೇಳುವುದಕ್ಕೆ ಮೊದಲು ಅದು ಎಲ್ಲಿ ಮೇಯಿತೆಂದು ಕೇಳುವುದು ಶಾಸ್ತ್ರಕ್ಕೂ ಯುಕ್ತಿಗೂ ಸಮ್ಮತವಾದ ಮಾರ್ಗ.